ಎ.ಜಿ. ಆಡಿಟ್: ನಮ್ಮ ಕೈಯಲ್ಲಿ ಏನಿತ್ತು, ಏನಿರಲಿಲ್ಲ

ತುಮಕೂರು ಜಿಲ್ಲೆಯ ಯಾವುದೇ ತಾಲ್ಲೂಕು ಕಚೇರಿಗೆ ನಾವು ಹೋಗಿ ಕೂತರೂ ಮಧ್ಯಾಹ್ನದೊಳಗೆ ‘ಎ.ಜಿ.ಯವರು ಬಂದವ್ರೆ’ ಎಂಬ ಸುದ್ದಿ ಸುತ್ತಲಿನ ಕಚೇರಿಗಳಿಗೆಲ್ಲ ಮುಟ್ಟಿರುತ್ತಿತ್ತು. ಸಸ್ಪೆಂಡ್ ಮಾಡಿಸುತ್ತಾರೆ, ತಿಂದ ಹಣ ಕಕ್ಕಿಸುತ್ತಾರೆ, ಜೈಲಿಗೆ ಕಳಿಸುತ್ತಾರೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಮಹಾಲೇಖಪಾಲರ, ಅಂದರೆ ಎ.ಜಿ.ಯವರ (ಅಕೌಂಟೆಂಟ್ ಜನರಲ್) ಕಚೇರಿಯ ಆಡಿಟ್ ಪಾರ್ಟಿಯಲ್ಲಿ ಬಹಳ ವರ್ಷ ಸುತ್ತಿ ನಿವೃತ್ತನಾಗಿದ್ದೇನೆ. ಇವುಗಳಲ್ಲಿ ಒಂದನ್ನೂ ಮಾಡುವ ಅಧಿಕಾರ ನಮಗಿರಲಿಲ್ಲ. ದಾಖಲೆ ನೋಡುವುದು, ಪ್ರಶ್ನೆ ಕೇಳುವುದು, ಕಂಡದ್ದನ್ನು ಬರೆಯುವುದು, ನಮ್ಮ ಅಧಿಕಾರ ಇಷ್ಟೇ.

ಆದರೆ ಆ ನೋಡುವ ಅಧಿಕಾರ ಸಣ್ಣದಲ್ಲ. ನಾವು ಕೆಲಸ ಮಾಡುತ್ತಿದ್ದದ್ದು ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ, ಅಂದರೆ ಸಿಎಜಿಯವರ ಪರವಾಗಿ. ಸಂವಿಧಾನದ 148ನೇ ವಿಧಿಯಂತೆ ಅವರನ್ನು ನೇಮಿಸುವವರು ರಾಷ್ಟ್ರಪತಿ. ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ದಾರಿಯಲ್ಲೇ ಹೋಗಬೇಕು. ಆರು ವರ್ಷ ಅಥವಾ 65ರ ವಯಸ್ಸು, ಯಾವುದು ಮೊದಲೋ ಅದು ಅವರ ಅವಧಿ. ಆಮೇಲೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ. ಬಹುಶಃ ಸಂವಿಧಾನದಲ್ಲೇ ಅತಿ ಮುಖ್ಯ ಅಧಿಕಾರಿ ಇವರು ಎಂದು ಅಂಬೇಡ್ಕರ್ ಅವರು 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಮುರುಕು ಕುರ್ಚಿ ಹಾಕಿಕೊಟ್ಟಾಗಲೂ ನನಗೆ ಆ ಮಾತು ನೆನಪಿರುತ್ತಿತ್ತು.

ನಮ್ಮ ಕೈಗೆ ಬಲ ಕೊಡುವುದು 1971ರ ಸಿಎಜಿ ಕಾಯ್ದೆಯ 18ನೇ ಕಲಂ. ಲೆಕ್ಕ ಇಡುವ ಯಾವ ಸರ್ಕಾರಿ ಕಚೇರಿಯನ್ನಾದರೂ ಪರಿಶೀಲಿಸಬಹುದು, ಯಾವ ಲೆಕ್ಕ, ಪುಸ್ತಕ, ಕಡತವನ್ನಾದರೂ ತರಿಸಬಹುದು, ಪ್ರಶ್ನೆ ಹಾಕಬಹುದು. ಮೊದಲ ದಿನವೇ ಬೇಕಾದ ದಾಖಲೆಗಳ ಪಟ್ಟಿ ಕೊಡುತ್ತಿದ್ದೆವು: ನಗದು ಪುಸ್ತಕ, ವೋಚರ್‌ಗಳು, ಟೆಂಡರ್ ಕಡತ, ಅಳತೆ ಪುಸ್ತಕ. ಅನುಮಾನ ಬಂದದ್ದನ್ನು ಹಾಫ್ ಮಾರ್ಜಿನ್ ಕಾಗದದಲ್ಲಿ ಬರೆದರೆ ಪಕ್ಕದ ಖಾಲಿ ಅರ್ಧದಲ್ಲಿ ಅವರು ಉತ್ತರ ಬರೆಯಬೇಕು. ಬಾಯಿಮಾತಿನ ಉತ್ತರಕ್ಕೆ ಬೆಲೆಯಿಲ್ಲ.

ಒಂದು ಚೆಕ್ ಡ್ಯಾಮ್ ಪ್ರಕರಣ ಹೇಳುತ್ತೇನೆ. ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಅಡ್ಡಗೋಡೆಯ ಕೆಳಗೆ ನೀರು ಬೀಳುವ ಕಡೆ ಕಾಂಕ್ರೀಟ್ ಏಪ್ರನ್, ಅಂದರೆ ಹಾಸು, ಹಾಕಿದ್ದಾಗಿ ಉದ್ದ, ಅಗಲ, ದಪ್ಪ ಎಲ್ಲ ಬರೆದಿತ್ತು. ಬಿಲ್ಲೂ ಆಗಿತ್ತು. ಬರವಣಿಗೆ ಮಾತ್ರ ತೀರಾ ಅಚ್ಚುಕಟ್ಟು. ಬಿಸಿಲಲ್ಲಿ ಟೇಪು ಹಿಡಿದು ಬರೆದ ಎಂ.ಬಿ. ಹಾಗಿರುವುದಿಲ್ಲ, ತಿದ್ದುಪಡಿ ಇರುತ್ತದೆ, ತಿದ್ದಿದ ಕಡೆ ಸಹಿ ಇರುತ್ತದೆ. ಜಂಟಿ ಸ್ಥಳ ತಪಾಸಣೆ ಆಗಬೇಕು ಅಂತ ಬರೆದುಕೊಟ್ಟೆ. ಎಂಜಿನಿಯರ್ ಜೊತೆ ಹಳ್ಳಕ್ಕೆ ಇಳಿದೆವು. ಗೋಡೆ ಇತ್ತು. ಏಪ್ರನ್ ಇರಲಿಲ್ಲ, ಬರೀ ಮರಳು.

‘ಹೋದ ಮಳೇಲಿ ಕೊಚ್ಕೊಂಡು ಹೋಯ್ತು ಸಾರ್’ ಅಂದರು ಎಂಜಿನಿಯರ್.

ದಡದ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನಿಂತು ಕೇಳಿಸಿಕೊಳ್ಳುತ್ತಿದ್ದರು. ‘ಈ ಹಳ್ಳದಾಗೆ ನೀರು ಯಾವಾಗ ಹರೀತು ಯಜಮಾನ್ರೇ?’ ಅಂದೆ. ‘ಡ್ಯಾಮು ಕಟ್ಟಿದ ಮ್ಯಾಕೆ ಎಲ್ ಬಂತು ಸಾಮಿ ನೀರು?’ ಅಂದರು.

ಆ ಮಾತು ನಿಜವೇ ಇರಬಹುದು, ಆದರೆ ಅಷ್ಟರ ಮೇಲೆ ಪ್ಯಾರಾ, ಅಂದರೆ ವರದಿಯಲ್ಲಿ ನಾವು ಬರೆಯುವ ಆಕ್ಷೇಪಣೆ, ನಿಲ್ಲುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಆ ಹೋಬಳಿಯ ಮಳೆ ಲೆಕ್ಕ ತರಿಸಿದೆವು. ಬಿಲ್ ಆದ ದಿನದಿಂದ ನಾವು ಹೋದ ದಿನದವರೆಗೆ ಕಾಂಕ್ರೀಟು ಕೊಚ್ಚಿಹೋಗುವಂಥ ಮಳೆ ಒಂದು ದಿನವೂ ಬಿದ್ದಿರಲಿಲ್ಲ. ಸ್ಥಳದಲ್ಲೇ ಬರೆದ ತಪಾಸಣಾ ಟಿಪ್ಪಣಿಗೆ ಎಂಜಿನಿಯರ್ ಸಹಿಯನ್ನು ಆಗಲೇ ಹಾಕಿಸಿಕೊಂಡಿದ್ದೆ, ಫೋಟೋ ಇತ್ತು. ‘ಹಣ ತಿಂದಿದ್ದಾರೆ’ ಎಂದು ನಾವು ಬರೆಯುವಂತಿಲ್ಲ. ಅದು ತನಿಖೆ ಮಾಡುವವರ, ಕೋರ್ಟಿನ ಮಾತು. ‘ನಿರ್ವಹಿಸದ ಕಾಮಗಾರಿಗೆ ಪಾವತಿ’ ಅಂತ ಬರೆದೆವು. ಇಲಾಖೆ ಆ ಮೊತ್ತವನ್ನು ಗುತ್ತಿಗೆದಾರನ ಠೇವಣಿಯಿಂದ ಹಿಡಿದುಕೊಂಡಿತು. ಹಿಡಿದದ್ದು ಇಲಾಖೆ, ನಾವಲ್ಲ. ಎಂಜಿನಿಯರ್ ಮೇಲೆ ಕ್ರಮ ತೆಗೆದುಕೊಳ್ಳುವುದೂ ಬಿಡುವುದೂ ಅವರ ಮೇಲಿನವರಿಗೆ ಸೇರಿದ್ದು.

ಗುತ್ತಿಗೆದಾರನ ಲೆಕ್ಕದ ಪುಸ್ತಕವನ್ನೇ ಏಕೆ ನೋಡಬಾರದು ಅಂತ ಹೊಸ ಹುಡುಗರು ಕೇಳುತ್ತಿದ್ದರು. ಟೆಲಿಕಾಂ ಕಂಪನಿಗಳ ಆದಾಯದ ಲೆಕ್ಕವನ್ನು ಸಿಎಜಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ನಿಜ. ಅಲ್ಲಿ ಕಂಪನಿಯ ಆದಾಯದಲ್ಲೇ ಸರ್ಕಾರಕ್ಕೆ ಪಾಲಿತ್ತು, ಆ ಪಾಲು ಸರಿಯಾಗಿ ಬಂತೇ ಎಂಬುದು ಪ್ರಶ್ನೆ. ಚೆಕ್ ಡ್ಯಾಮ್ ಕಟ್ಟಿ ಬಿಲ್ ತೆಗೆದುಕೊಂಡವನ ಮನೆಯ ಪುಸ್ತಕ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅವನಿಗೆ ಹಣ ಕೊಟ್ಟ ಕಚೇರಿಯ ಕಡತ ಬರುತ್ತದೆ, ಸರಿಯಾಗಿ ಓದಿದರೆ ಅದೇ ಸಾಕು.

‘ನಮ್ಮ ಪಂಚಾಯ್ತೀನೂ ನೋಡಿ ಸಾರ್’ ಅನ್ನುವವರೂ ಸಿಗುತ್ತಿದ್ದರು. ಗ್ರಾಮ ಪಂಚಾಯ್ತಿಯ ಲೆಕ್ಕ ನೋಡುವುದು ರಾಜ್ಯ ಸರ್ಕಾರದ ಲೆಕ್ಕಪರಿಶೋಧನಾ ಇಲಾಖೆಯ ಕೆಲಸ. ಗ್ರಾಮೀಣ ಉದ್ಯೋಗ ಖಾತ್ರಿಯ ಕಾಮಗಾರಿಯಾದರೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯಲ್ಲಿ ಊರಿನವರೇ ಎದ್ದು ಕೇಳಬಹುದು. ಚೆಕ್ ಡ್ಯಾಮ್ ಬದಲು ಕೆರೆ ಹೂಳು ತೆಗೆಸಬೇಕಿತ್ತೇ ಎಂಬುದನ್ನೂ ನಾವು ತೀರ್ಮಾನಿಸುವಂತಿಲ್ಲ, ಅದು ಜನ ಆರಿಸಿದವರ ಆಯ್ಕೆ. ಕಟ್ಟಿದ ಡ್ಯಾಮಿನಲ್ಲಿ ನೀರು ನಿಂತಿತೇ ಎಂದು ಮಾತ್ರ ಕೇಳಬಹುದು.

ಬರೆದ ಮೇಲೆ ಕಾಯಬೇಕು. ತಪಾಸಣಾ ವರದಿಗೆ ನಾಲ್ಕು ವಾರದಲ್ಲಿ ಉತ್ತರ ಬರಬೇಕೆಂದು ನಿಯಮ. ವರ್ಷಗಟ್ಟಲೆ ಉತ್ತರ ಬಾರದ ಪ್ಯಾರಾಗಳನ್ನು ನೋಡಿದ್ದೇನೆ, ಅಷ್ಟರಲ್ಲಿ ಸಹಿ ಹಾಕಿದವರೆಲ್ಲ ನಿವೃತ್ತರಾಗಿರುತ್ತಾರೆ. ದೊಡ್ಡ ವಿಷಯಗಳು ಸಿಎಜಿ ವರದಿ ಸೇರಿ, 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನದಲ್ಲಿ ಮಂಡನೆಯಾಗಿ, ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತವೆ. ಇಲಾಖೆಯ ಕಾರ್ಯದರ್ಶಿಯನ್ನು ಕರೆದು ಕೂರಿಸಿ ಕೇಳುವ ಶಕ್ತಿ ಆ ಸಮಿತಿಗಿದೆ. ಅದು ಕೂತು ಓದದಿದ್ದರೆ ನಮ್ಮ ದುಡಿಮೆ ಕಪಾಟು ಸೇರುತ್ತದೆ.

ಶಿಕ್ಷಿಸುವ ಅಧಿಕಾರ ನಮಗಿಲ್ಲದಿರುವುದು ಸರಿಯೇ ಎಂದು ನನ್ನ ಗಟ್ಟಿ ನಂಬಿಕೆ. ದೂರು ಬರೆಯುವವನೇ ತೀರ್ಪನ್ನೂ ಕೊಡಬಾರದು. ನನಗೆ ಒಪ್ಪಿಗೆಯಾಗದ್ದು ಬೇರೆ. ಕಾಗದ ಬಚ್ಚಿಟ್ಟವನಿಗೆ 1971ರ ಕಾಯ್ದೆಯಲ್ಲಿ ದಂಡವೇ ಇಲ್ಲ. ಸಾಮಾನ್ಯ ಪ್ರಜೆ ಮಾಹಿತಿ ಹಕ್ಕಿನಲ್ಲಿ ಕೇಳಿದ ಕಾಗದವನ್ನು ವಿನಾಕಾರಣ ತಡೆಹಿಡಿದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಸಂವಿಧಾನವೇ ನೇಮಿಸಿದ ಆಡಿಟರ್ ಕೇಳಿದಾಗ ‘ಕಡತ ಸಿಕ್ತಿಲ್ಲ ಸಾರ್’ ಅಂದರೆ ಮುಗಿಯಿತು. ಈ ಕಾಯ್ದೆಗೆ ಅಂಥದೊಂದು ಕಲಂ ಸೇರಲೇಬೇಕು.

ಸೇರುವವರೆಗೆ ಕಿರಿಯರಿಗೆ ನಾನು ಹೇಳುವುದು ಇಷ್ಟು: ಕೇಳಿದ ಪ್ರತಿ ಕಡತವನ್ನೂ ಬರವಣಿಗೆಯಲ್ಲೇ ಕೇಳಿ, ದಿನಾಂಕ ಹಾಕಿಸಿ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಕೊಡದಿದ್ದರೆ ‘ದಾಖಲೆ ಹಾಜರುಪಡಿಸಿಲ್ಲ’ ಎಂಬುದನ್ನೇ, ಕಡತದ ಸಂಖ್ಯೆ ಮತ್ತು ಅದರಲ್ಲಿ ಪಾವತಿಯಾದ ಮೊತ್ತದ ಸಮೇತ, ವರದಿಯ ಮೊದಲ ಪ್ಯಾರಾ ಮಾಡಿ. ಹಾಗೆ ಕರಡು ಬರೆದು ತೋರಿಸಿದ ಮಾರನೇ ದಿನವೇ ಸಿಗದಿದ್ದ ಕಡತ ನನ್ನ ಮೇಜಿನ ಮೇಲೆ ಬಂದದ್ದುಂಟು.