ಶಾಲೆಯ ಗೋಡೆಗೆ ಕೆರೆ ಬರೆದ ಬಗೆ

ಬೆಂಗಳೂರಿನಲ್ಲಿ ಕಾಂಪೌಂಡ್ ಗೋಡೆಗೆ ಬಣ್ಣ ಹಚ್ಚಿಸುವುದಿದ್ದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಕುಡಿದ ಗೋಡೆ ಅಷ್ಟರಲ್ಲಿ ಒಣಗಿರುತ್ತದೆ. ನಮ್ಮ ಗೋಡೆ 32 ಅಡಿ ಉದ್ದ, 6 ಅಡಿ ಎತ್ತರ. ಮಕ್ಕಳು 24, ಎಲ್ಲರೂ ಆರು, ಏಳನೇ ಕ್ಲಾಸಿನವರು.

ಮೊದಲು ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಒಳಗೆ ಹನಿ ಕಂಡರೆ ಕೆಲಸ ಮುಂದೂಡಲೇಬೇಕು. ಒದ್ದೆ ಗೋಡೆಯ ಮೇಲಿನ ಬಣ್ಣ ಗುಳ್ಳೆಯೆದ್ದು ಕಿತ್ತು ಬರುತ್ತದೆ. ಬಿಳಿ ಉಪ್ಪು ಎದ್ದ ಕಡೆ ತಂತಿ ಬ್ರಷ್ಷಿನಿಂದ ಒಣದಾಗಿಯೇ ಉಜ್ಜಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗಿಳಿಯುತ್ತದೆ. ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೋಟ್, ಬಿಳಿ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) ಎರಡು ಕೋಟ್. 192 ಚದರಡಿಗೆ 4 ಲೀಟರ್ ಎಮಲ್ಷನ್ ಸಾಕಾಯಿತು. ಇಷ್ಟೂ ದೊಡ್ಡವರ ಕೆಲಸ. ಎನಾಮಲ್ (ಎಣ್ಣೆ ಬಣ್ಣ) ಬೇಡವೇ ಬೇಡ, ಅದಕ್ಕೆ ಟರ್ಪೆಂಟೈನ್ ಬೇಕು, ಮಕ್ಕಳ ಕೈಗೆ ಅದನ್ನು ಕೊಡಬಾರದು.

ಕೆರೆ, ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ, ದಡದ ಹೊಂಗೆಮರ, ಎಲ್ಲ ಮಕ್ಕಳೇ ಬರೆದದ್ದು. ಅವನ್ನು ಒಂದೇ ಉದ್ದ ಕಾಗದಕ್ಕೆ ಜೋಡಿಸಿ ಅಂಗುಲ ಚೌಕ ಹಾಕಿದೆವು. ಗೋಡೆಯ ಮೇಲೆ ನೀಲಿಪುಡಿ ಹಚ್ಚಿದ ದಾರ ಬಿಗಿಹಿಡಿದು ಚಿಮ್ಮಿಸಿದರೆ ಅಡಿ ಚೌಕ ಮೂಡುತ್ತದೆ. ಕಾಗದದ ಒಂದೊಂದು ಚೌಕದಲ್ಲಿರುವ ಗೆರೆಯನ್ನು ಗೋಡೆಯ ಅದೇ ಜಾಗದ ಚೌಕಕ್ಕೆ ದೊಡ್ಡದಾಗಿ ಇಳಿಸಬೇಕು. ಒಟ್ಟು 192 ಚೌಕ, ತಲೆಗೆ 8. ನೀರುಕಾಗೆಯ ಕತ್ತು ಸೊಟ್ಟಗಾಗಿತ್ತು. ಅದನ್ನು ತಿದ್ದಬಾರದು, ತಿದ್ದಿದರೆ ಅದು ಟೀಚರ್ ಚಿತ್ರವಾಗುತ್ತದೆ. ಗೆರೆಗೆ ಸೀಮೆಸುಣ್ಣ ಮಾತ್ರ. ಇದ್ದಿಲು ತಿಳಿಬಣ್ಣದಡಿ ಕಪ್ಪಗೆ ಇಣುಕುತ್ತದೆ. ಬಣ್ಣಕ್ಕೆ ಮುಂಚೆ ಸುಣ್ಣದ ಪುಡಿಯನ್ನು ಒದ್ದೆಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಿದರೆ ಗೆರೆಯೂ ಹೋಗುತ್ತದೆ.

ಚೌಕದ ಲೆಕ್ಕ ಗೆರೆಗೆ ಸರಿ, ಬಣ್ಣಕ್ಕಲ್ಲ. ಚೌಕಕ್ಕೊಬ್ಬರಂತೆ ಹಚ್ಚಿಸಿದರೆ ಒಂದೇ ಕೆರೆಯ ನೀರು ಎಂಟು ಥರದ ನೀಲಿಯಾಗುತ್ತದೆ. ಅದಕ್ಕೇ ಬಣ್ಣಕ್ಕೊಂದು ಗುಂಪು, ಗುಂಪಿಗೆ ನಾಲ್ವರು. ಒಂದು ಬಣ್ಣಕ್ಕೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಡಬೇಕು, ಮರುದಿನ ಅದೇ ಛಾಯೆ ಮತ್ತೆ ಸಿಗುವುದಿಲ್ಲ. ಬಿಳಿ ಎಮಲ್ಷನ್ನಿಗೆ ಸ್ಟೇನರ್ (ಬಣ್ಣ ಬರಿಸುವ ಗಟ್ಟಿ ದ್ರವ) ಲೀಟರಿಗೆ 30 ಮಿ.ಲೀ. ದಾಟಿಸಬೇಡಿ. ಗಾಢವಾಗಲೆಂದು ಸುರಿದರೆ ಬಣ್ಣ ಸರಿಯಾಗಿ ಒಣಗದೆ ಕೈಗೆ ಮೆತ್ತಿಕೊಳ್ಳುತ್ತದೆ. ಕಡುನೀಲಿ, ಕಡುಹಸಿರನ್ನು ಅಂಗಡಿಯ ಟಿಂಟಿಂಗ್ ಮೆಷಿನ್ನಿನಲ್ಲೇ ಮಾಡಿಸಿ.

ಹೇಳಿಕೊಡಬೇಕಾದ್ದು ಒಂದೇ: ಕುಂಚದ ಕೂದಲಿನ ಮೂರನೇ ಒಂದು ಪಾಲು ಅದ್ದು, ಡಬ್ಬದ ಅಂಚಿಗೆ ಎರಡು ಕಡೆ ಒರೆಸು. ತಗಡಿನವರೆಗೆ ಮುಳುಗಿಸಿದರೆ ಬಣ್ಣ ಮಣಿಕಟ್ಟಿಗಿಳಿದು ಗೋಡೆಯ ಮೇಲೂ ಸುರಿಯುತ್ತದೆ. ಇಳಿದ ಹನಿಯನ್ನು ಮಕ್ಕಳು ತಕ್ಷಣ ಅಂಗೈಯಿಂದ ಒರೆಸುತ್ತಾರೆ, ಅಲ್ಲಿಗೆ ಕೊಕ್ಕರೆಯ ಬಿಳಿ ಕೆಟ್ಟಿತು. ಒಣಗಲು ಬಿಟ್ಟು ಮೇಲೆ ಇನ್ನೊಂದು ಕೋಟ್ ಕೊಡಿ. ಕೆಲಸ ಮೇಲಿನಿಂದ ಕೆಳಕ್ಕೆ, ತಿಳಿಬಣ್ಣದಿಂದ ಕಡುಬಣ್ಣಕ್ಕೆ. ಕಪ್ಪು ಅಂಚು ಕೊನೆಗೆ, 6ನೇ ನಂಬರ್ ದುಂಡು ಕುಂಚದಲ್ಲಿ.

ಕೆಳಗಿನ ಒಂದಡಿ ಕಾವಿ ಬಣ್ಣವೇ ಇರಲಿ, ಮಳೆಗೆ ಸಿಡಿಯುವ ಕೆಮ್ಮಣ್ಣು ಅಲ್ಲಿ ಕಾಣುವುದಿಲ್ಲ. ಪ್ರತಿ ಬಣ್ಣದ 200 ಮಿ.ಲೀ. ಗಾಳಿಯಾಡದ ಬಾಟಲಿಯಲ್ಲಿ ಹೆಸರು ಬರೆದಿಡಿ. ಮಳೆಗಾಲ ಮುಗಿದ ಮೇಲೆ ಒಂದೆರಡು ಕಡೆಗಾದರೂ ಅದು ಬೇಕಾಗುತ್ತದೆ.