ದಾರಿ ತಪ್ಪಿ ಬಂದ ನಾಯಿಯನ್ನು ಅದರ ಮನೆಗೆ ಮುಟ್ಟಿಸುವುದು ಹೇಗೆ?

ದಾರಿ ತಪ್ಪಿದ ನಾಯಿಯನ್ನು ಕಂಡು ಮನೆಗೆ ಕರೆತರುವವರು ಊಟ, ನೀರು, ಮಲಗಲು ಜಾಗ ಎಲ್ಲವನ್ನೂ ಅಚ್ಚುಕಟ್ಟಾಗಿಯೇ ಒದಗಿಸುತ್ತಾರೆ. ಅವರು ಎಡವುವುದು ಅದರ ಮನೆಯವರನ್ನು ಹುಡುಕುವ ಕೆಲಸದಲ್ಲಿ. ಮೈಯೆಲ್ಲ ಕೊಳೆ, ಎದ್ದು ಕಾಣುವ ಪಕ್ಕೆಲುಬು, ಕೈ ಚಾಚಿದರೆ ಮುದುರಿಕೊಳ್ಳುವ ಬಾಲ, ಇಷ್ಟನ್ನು ನೋಡಿದ ಕೂಡಲೇ ಯಾರೋ ಹಿಂಸಿಸಿ ಬಿಟ್ಟುಹೋಗಿದ್ದಾರೆಂದು ತೀರ್ಮಾನಿಸಿಬಿಡುತ್ತಾರೆ. ಅಕ್ಕರೆಯಿಂದ ಬೆಳೆದ ನಾಯಿಯೂ ಹತ್ತು ಹದಿನೈದು ದಿನ ಬೀದಿ ಅಲೆದರೆ ಹೀಗೆಯೇ ಕಾಣುತ್ತದೆ. ಆದ್ದರಿಂದ ಎಲ್ಲೋ ಒಂದು ಮನೆಯಲ್ಲಿ ಇದಕ್ಕಾಗಿ ಹುಡುಕಾಟ ನಡೆದಿದೆ ಎಂದೇ ನಂಬಿ ಕೆಲಸ ಆರಂಭಿಸಬೇಕು.

ಹತ್ತಿರ ಹೋಗುವುದು

ಹೆದರಿದ ನಾಯಿಯ ಹಿಂದೆ ಓಡಬಾರದು. ಅದು ವಾಹನಗಳ ನಡುವೆ ನುಗ್ಗುತ್ತದೆ. ಸ್ವಲ್ಪ ದೂರದಲ್ಲಿ ಅದಕ್ಕೆ ಪಕ್ಕ ತಿರುಗಿ ಕುಳಿತು, ಕಣ್ಣಿಗೆ ಕಣ್ಣಿಟ್ಟು ನೋಡದೆ, ತಿನಿಸಿನ ಚೂರುಗಳನ್ನು ನಿಮ್ಮ ಕಡೆಗೆ ಬರುವಂತೆ ಒಂದೊಂದಾಗಿ ಹಾಕುತ್ತಾ ಕಾಯಿರಿ. ಮೈ ಸೆಟೆಸಿ ನಿಂತು ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರಿದರೆ ಅಲ್ಲಿಗೇ ನಿಲ್ಲಿಸಿ, ಪ್ರಾಣಿರಕ್ಷಣೆಯಲ್ಲಿ ಪಳಗಿದವರನ್ನು ಕರೆಯಿರಿ. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ತೀರಾ ಅಪರೂಪ. ಸಕಾಲಕ್ಕೆ ಲಸಿಕೆ ಪಡೆದರೆ ಅದನ್ನು ತಡೆಯಬಹುದು.

ಕಟ್ಟಿ ಕರೆತರಲು ಗಟ್ಟಿಯಾದ ಸಾದಾ ಹಗ್ಗವೇ ಸಾಕು. ಗುಂಡಿ ಒತ್ತಿದರೆ ದಾರ ಒಳಗೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ಹಿಡಿಯ ಲೀಷನ್ನು ಇಂತಹ ನಾಯಿಗೆ ಎಂದೂ ಬಳಸಬೇಡಿ. ಕೈಜಾರಿದರೆ ಆ ಹಿಡಿ ನೆಲಕ್ಕೆ ಬಡಿಯುತ್ತಾ ಹಿಂದೆಯೇ ಬರುತ್ತದೆ, ನಾಯಿ ಆ ಸದ್ದಿಗೆ ಬೆದರಿ ಇನ್ನಷ್ಟು ಓಡುತ್ತದೆ.

ಮನೆಗೆ ಬಂದ ಮೇಲೆ ಒಂದು ಶಾಂತವಾದ ಕೋಣೆ, ನೀರು, ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಒಂದೆರಡು ವಾರ ಬೆರೆಸಬೇಡಿ, ಏಕೆಂದರೆ ಪಾರ್ವೊ, ಡಿಸ್ಟೆಂಪರ್‌ನಂತಹ ರೋಗಗಳು ಸೋಂಕು ತಗುಲಿದ ಎಷ್ಟೋ ದಿನಗಳ ನಂತರ ಹೊರಗೆ ಕಾಣಿಸುತ್ತವೆ. ಸ್ನಾನ ಮಾಡಿಸುವ ಅವಸರ ಬೇಡ, ಕೂದಲನ್ನಂತೂ ಕತ್ತರಿಸಲೇಬೇಡಿ. ಸಿಕ್ಕಾಗ ಹೇಗಿತ್ತೋ ಹಾಗೆಯೇ ಮುಖ, ಎರಡೂ ಪಕ್ಕ, ಕಾಲು, ಬಾಲ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.

ಚಿಪ್ ಇದೆಯೇ?

ಕೊರಳಪಟ್ಟಿಯ ಬಿಲ್ಲೆಯಲ್ಲಿ ಫೋನ್ ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಮರುದಿನವೇ ಪಶುವೈದ್ಯರ ಬಳಿ ಅದರ ಮೈಯೊಳಗೆ ಗುರುತಿನ ಚಿಪ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸುಮಾರು 12 ಮಿಲಿಮೀಟರ್ ಉದ್ದದ ಈ ಚಿಪ್ಪನ್ನು ಸಾಮಾನ್ಯವಾಗಿ ಎರಡು ಹೆಗಲುಗಳ ನಡುವೆ ಚರ್ಮದಡಿ ಕೂರಿಸಿರುತ್ತಾರೆ. ಅದರಲ್ಲಿ ಬ್ಯಾಟರಿಯಾಗಲಿ ವಿಳಾಸವಾಗಲಿ ಇರುವುದಿಲ್ಲ. ಸ್ಕ್ಯಾನರ್ ಹಿಡಿದಾಗ ಒಂದು ಸಂಖ್ಯೆ, ಬಹುಪಾಲು 15 ಅಂಕಿಗಳದ್ದು, ಸಿಗುತ್ತದೆ. ಆ ಸಂಖ್ಯೆ ಯಾವ ನೋಂದಣಿ ಸಂಸ್ಥೆಯಲ್ಲಿದೆಯೋ ಅಲ್ಲಿ ಮಾಲೀಕರ ವಿವರ ದೊರೆಯುತ್ತದೆ.

ಒಂದು ಸಲ ಕುತ್ತಿಗೆಯ ಮೇಲೆ ಆಡಿಸಿ ‘ಚಿಪ್ ಇಲ್ಲ’ ಎಂದರೆ ಒಪ್ಪಿಕೊಳ್ಳಬೇಡಿ. ಚಿಪ್ ಕಾಲಕ್ರಮೇಣ ಹೆಗಲಿಗೋ ಮುಂಗಾಲಿಗೋ ಸರಿಯುವುದುಂಟು. ನಾನು ಕರೆದೊಯ್ದಿದ್ದ ಒಂದು ಕಂದು ನಾಯಿಗೆ ಬೆನ್ನ ಮೇಲೆ ಎರಡು ಸಲ ಹಿಡಿದರೂ ಸ್ಕ್ಯಾನರ್ ಸುಮ್ಮನಿತ್ತು. ಲೋಹದ ಪಟ್ಟಿ ಬಿಚ್ಚಿಸಿ, ಮೈಗೆ ತಾಗುವಷ್ಟು ಹತ್ತಿರ ನಿಧಾನವಾಗಿ ಆಡಿಸುತ್ತಾ ಎಡಗಾಲಿನ ಮೊಣಕೈಯ ತನಕ ಇಳಿದಾಗ ‘ಪೀಂ’ ಎಂದಿತು. ಮೊಬೈಲಿನಲ್ಲೇ ಚಿಪ್ ಓದುತ್ತೇವೆಂದು ಹೇಳಿಕೊಳ್ಳುವ ಆ್ಯಪ್‌ಗಳನ್ನು ನಂಬಬೇಡಿ. ಪ್ರಾಣಿಗಳ ಚಿಪ್ ಸಾಮಾನ್ಯವಾಗಿ 134.2 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಫೋನಿನೊಳಗೆ ಹತ್ತಿರದ ಚಿಪ್ ಓದುವ ಎನ್‌ಎಫ್‌ಸಿ ವ್ಯವಸ್ಥೆ 13.56 ಮೆಗಾಹರ್ಟ್ಸ್‌ನಲ್ಲಿ; ಹಾಗಾಗಿ ಫೋನ್ ಅದನ್ನು ಓದಲಾರದು.

ಏನು ಹೇಳಬೇಕು, ಏನು ಮುಚ್ಚಿಡಬೇಕು

ಅತಿ ಹೆಚ್ಚು ಕೆಡುವುದು ಈ ಹಂತದಲ್ಲಿ. ಪರಿಚಿತರೊಬ್ಬರು ಸಿಕ್ಕ ನಾಯಿಯ ಆರು ಫೋಟೊಗಳನ್ನು, ಕೊರಳಪಟ್ಟಿಯ ಬಣ್ಣ, ಹಿಂಗಾಲಿನ ಬಿಳಿ ಬೆರಳು, ಕಿವಿಯ ಸೀಳು, ಗಂಡೋ ಹೆಣ್ಣೋ ಎಂಬುದು ಸೇರಿದಂತೆ ಎಲ್ಲ ವಿವರಗಳೊಡನೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿಬಿಟ್ಟರು. ಸಂಜೆಯೊಳಗೆ ಮೂವರು ಕರೆ ಮಾಡಿದರು, ಮೂವರೂ ಅದೇ ಗುರುತುಗಳನ್ನು ಒಪ್ಪಿಸಿದರು. ನಿಜವಾದವರು ಯಾರೆಂದು ತಿಳಿಯಲು ಅವರ ಬಳಿ ಒಂದು ಪ್ರಶ್ನೆಯೂ ಉಳಿದಿರಲಿಲ್ಲ.

ಪ್ರಕಟಣೆಯಲ್ಲಿ ಸಿಕ್ಕ ದಿನ, ಸರಿಸುಮಾರು ಜಾಗ, ಗಾತ್ರ, ಮುಖ್ಯ ಬಣ್ಣ, ನಿಮ್ಮ ಫೋನ್ ಸಂಖ್ಯೆ ಮತ್ತು ಮುಖದ ಒಂದೇ ಫೋಟೊ ಇರಲಿ. ಕನಿಷ್ಠ ಮೂರು ಗುರುತುಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಅವು ಆ ಒಂದು ಫೋಟೊದಲ್ಲಿಯೂ ಕಾಣಬಾರದು. ತಳಿಯ ಹೆಸರನ್ನು ಬರೆಯದಿರುವುದೇ ಲೇಸು, ಏಕೆಂದರೆ ನೀವು ಒಂದು ಹೆಸರು ಹಾಕಿದರೆ ಮನೆಯವರು ಬೇರೊಂದು ಹೆಸರಿನಿಂದ ಹುಡುಕುತ್ತಿರಬಹುದು. ಕಾಗದದ ಪೋಸ್ಟರನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಕಡುಹಳದಿ ಹಾಳೆಯ ಮೇಲೆ ‘ನಾಯಿ ಸಿಕ್ಕಿದೆ’ ಎಂಬ ಎರಡು ಪದಗಳು ಓಡುವ ವಾಹನದಿಂದಲೂ ಓದಿಸಿಕೊಳ್ಳುವಷ್ಟು ದಪ್ಪವಾಗಿರಬೇಕು. ನಾಯಿ ಹಲವು ಕಿಲೋಮೀಟರ್ ನಡೆದು ಬಂದಿರುವ ಸಾಧ್ಯತೆ ಇರುವುದರಿಂದ ಅಕ್ಕಪಕ್ಕದ ಬಡಾವಣೆಗಳಲ್ಲೂ, ಪಶು ಆಸ್ಪತ್ರೆಗಳಲ್ಲೂ, ಪ್ರಾಣಿಗಳ ಆಶ್ರಯತಾಣಗಳಲ್ಲೂ ಅಂಟಿಸಿ. ನಾಯಿ ಕಳೆದಿದೆ ಎಂಬ ಹಳೆಯ ಪ್ರಕಟಣೆಗಳನ್ನು ಒಂದೆರಡು ತಿಂಗಳ ಹಿಂದಿನವರೆಗೂ ತಿರುವಿ ನೋಡಿ. ಸ್ಥಳೀಯ ಆಡಳಿತಕ್ಕೂ ತಿಳಿಸಿ; ತಿಳಿಸದೆ ಇಟ್ಟುಕೊಳ್ಳುವುದು ಕೆಲವು ದೇಶಗಳಲ್ಲಿ ಅಪರಾಧ.

ಕರೆ ಬಂದಾಗ ‘ನಿಮ್ಮ ನಾಯಿಯ ಹಿಂಗಾಲಿನ ಬೆರಳು ಬಿಳಿಯೇ?’ ಎಂದು ಕೇಳುವುದೆಂದರೆ ಉತ್ತರವನ್ನು ನೀವೇ ಒದಗಿಸಿದಂತೆ. ‘ನಿಮ್ಮ ನಾಯಿಯ ಮೈಮೇಲಿನ ಗುರುತುಗಳನ್ನು ಹೇಳಿ’ ಎಂದಷ್ಟೇ ಕೇಳಿ ಸುಮ್ಮನಿರಿ. ಬೇರೆ ಬೇರೆ ವಯಸ್ಸಿನ ಫೋಟೊ, ಲಸಿಕೆಯ ಪುಸ್ತಕ, ನೋಡುತ್ತಿದ್ದ ಪಶುವೈದ್ಯರ ಹೆಸರು ಕೇಳಿ. ಕಂಗಾಲಾದ ಮನೆಯವರು ಎಡ ಬಲ ಅದಲುಬದಲು ಹೇಳಿದರೆ ಅದೊಂದೇ ಕಾರಣಕ್ಕೆ ಅನುಮಾನಿಸಬೇಡಿ. ಆದರೆ ‘ನೀವು ನಂಬಿಗಸ್ತರೋ ಎಂದು ನೋಡಬೇಕು, ನಿಮ್ಮ ಮೊಬೈಲಿಗೆ ಬಂದ ಸಂಕೇತ ಸಂಖ್ಯೆ ಹೇಳಿ’ ಎನ್ನುವವರ ಕರೆಯನ್ನು ಅಲ್ಲಿಗೇ ತುಂಡರಿಸಿ. ಅವರಿಗೆ ಬೇಕಾದದ್ದು ನಾಯಿಯಲ್ಲ.

ಒಪ್ಪಿಸುವ ದಿನ

ಭೇಟಿ ಪಶು ಆಸ್ಪತ್ರೆಯಲ್ಲೇ ಆಗಲಿ. ನಾಯಿ ಬಾಲ ಅಲ್ಲಾಡಿಸಿತು ಎಂಬುದನ್ನು ಸಾಕ್ಷಿಯೆಂದು ತೆಗೆದುಕೊಳ್ಳಬಾರದು, ಕೆಲವು ನಾಯಿಗಳು ಎಲ್ಲರಿಗೂ ಬಾಲ ಅಲ್ಲಾಡಿಸುತ್ತವೆ. ಹಾಗೆಯೇ ಗುರುತು ಹಿಡಿಯದೆ ನಿಂತರೂ ಅವಸರಪಡಬೇಡಿ. ಮೇಲೆ ಹೇಳಿದ ಕಂದು ನಾಯಿಯ ಚಿಪ್ ಸಂಖ್ಯೆಯಿಂದ ಸಿಕ್ಕ ಫೋನ್ ಬದಲಾಗಿತ್ತು, ಪೋಸ್ಟರ್ ನೋಡಿ ಒಂದು ಕುಟುಂಬ ಬಂದಿತು. ಹೆಸರಿಟ್ಟು ಕರೆದರೂ ನಾಯಿ ಮೇಜಿನ ಕೆಳಗಿಂದ ಕದಲಲಿಲ್ಲ. ಮನೆಯಾಕೆ ನೆಲದ ಮೇಲೆ ಕುಳಿತು ಸೆರಗಿನ ತುದಿಯನ್ನು ಅದರ ಮೂಗಿನ ಹತ್ತಿರ ಹಿಡಿದರು. ಎರಡು ಸಲ ಮೂಸಿತು, ಮೂರನೆಯ ಸಲಕ್ಕೆ ಗೋಳಿಡುತ್ತಾ ಅವರ ಮಡಿಲಿಗೆ ನುಗ್ಗಿತು. ಅವರ ಲಸಿಕೆ ಪುಸ್ತಕದಲ್ಲಿದ್ದ ಸಂಖ್ಯೆಯೂ ಚಿಪ್ಪಿನ ಸಂಖ್ಯೆಯೂ ಒಂದೇ ಆಗಿದ್ದವು.

ಕೊಟ್ಟು ಕಳುಹಿಸುವಾಗ ನೀವು ಹಾಕಿಸಿದ ಲಸಿಕೆ, ಔಷಧಿ, ಕಂಡ ಗಾಯಗಳ ವಿವರವನ್ನು ಬರೆದುಕೊಡಿ, ಚಿಪ್ಪಿನ ನೋಂದಣಿಯಲ್ಲಿ ಹೊಸ ಫೋನ್ ಸಂಖ್ಯೆಯನ್ನು ಅಲ್ಲೇ ನಿಂತು ಸೇರಿಸಲು ಹೇಳಿ. ಅಂದೇ ಸಂಜೆ ಪೋಸ್ಟರುಗಳನ್ನೆಲ್ಲ ಕಿತ್ತು, ಪ್ರಕಟಣೆ ಹಾಕಿದ ಪ್ರತಿಯೊಂದು ಗುಂಪಿನಲ್ಲೂ ‘ಮನೆ ಸೇರಿತು’ ಎಂದು ತಿಳಿಸಿ.