ಬಿಸಿಲು ತಿಂದ ಬಣ್ಣಕ್ಕೆ ಜೋಡಿ ಹುಡುಕುವುದು

‘ಅಂಬಾಸಿಡರ್ ಬಿಳಿ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿ ತಂದು ಹಳೆಯ ಅಂಬಾಸಿಡರ್ ಕಾರಿನ ಗೀರಿಗೆ ಬಳಿದರೆ, ಹಳೆಯ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ ಕಾಣುತ್ತದೆ. ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮ ಮನೆಯ ಮುಂದಿರುವುದು ಅದಕ್ಕೂ ಎಷ್ಟೋ ಹಳೆಯದು. ಕಾರ್ಖಾನೆಯ ಬಣ್ಣ ಉಳಿದಿದ್ದರೆ ಡಿಕ್ಕಿಯ ಮ್ಯಾಟಿನ ಕೆಳಗೆ, ಬಾಗಿಲ ಬೀಡಿಂಗ್ ಹಿಂದೆ ಮಾತ್ರ. ನಮಗೆ ಬೇಕಿರುವುದು ತುಮಕೂರಿನ ಬಿಸಿಲು ತಿಂದು ಮಿಗಿಸಿದ ಬಣ್ಣ.

ಆದ್ದರಿಂದ ಮೊದಲು ಕಾರು ತೊಳೆದು, ಗೀರು ಬಿದ್ದ ಜಾಗದ ಸುತ್ತ ಒಂದು ಗೇಣಿನಷ್ಟು ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಪದರ ಸವೆಸುವ ಲೇಪ) ಹಾಕಿ ಉಜ್ಜಿ. ಸುಣ್ಣದಂತೆ ಕುಳಿತ ಮಾಸಲು ಪದರ ಹೋದ ಮೇಲೆ ಕಾಣುವುದೇ ಹೊಂದಿಸಬೇಕಾದ ಬಣ್ಣ.

ಹಳೆಯ ಬಣ್ಣ ಯಾವ ಬಗೆಯದೆಂದು ತಿಳಿಯುವ ಮುಂದಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಡಿಕ್ಕಿಯ ಒಳಮೂಲೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ತೆಳುಮಾಡುವ ಥಿನ್ನರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬಣ್ಣ ಕರಗಿ ಹತ್ತಿಗೆ ಬಂದರೆ ಅದು ಡುಕೋ, ಅಂದರೆ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ. ಸುಕ್ಕುಗಟ್ಟಿದರೆ ನಡುವೆ ಯಾರೋ ಸಿಂಥೆಟಿಕ್ ಎನಾಮೆಲ್ ಬಳಿದಿದ್ದಾರೆ. ಏನೂ ಆಗದಿದ್ದರೆ ಒಲೆಯಲ್ಲಿ ಕಾಯಿಸಿದ ಬಣ್ಣ ಅಥವಾ ಪಿಯು (ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ). ಎನಾಮೆಲ್ ಮೇಲೆ ಡುಕೋ ಹೊಡೆಯಲೇಬಾರದು. ಮಾವನ ಕಾರಿನ ಬಾಗಿಲಿಗೆ ನಾನು ಹೊಡೆದಾಗ ಎರಡೇ ನಿಮಿಷದಲ್ಲಿ ಬಣ್ಣವೆಲ್ಲ ಹಾಲಿನ ಕೆನೆಯಂತೆ ಮುದುಡಿಕೊಂಡಿತು. ಮಾವ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಬಣ್ಣ ಬೆರೆಸುವ ಅಂಗಡಿಗೆ ಫೋಟೊ ಒಯ್ಯಬೇಡಿ, ಕಾರನ್ನೇ ಒಯ್ಯಿರಿ. ಹಳೆಯ ಬಿಳಿ ಎಂದರೆ ಬಿಳಿಗೆ ಬಿದ್ದ ಒಂದೆರಡು ಹನಿ ಹಳದಿ, ಒಂದು ಹನಿ ಕಪ್ಪು. ಕಪ್ಪು ಹೆಚ್ಚಾದರೆ ಸರಿಪಡಿಸಲು ಮತ್ತಷ್ಟು ಬಿಳಿ ಸುರಿಯಬೇಕು, ಹಾಗಾಗಿ ಹನಿಹನಿಯಾಗಿಯೇ ಹಾಕಿಸಿ. ಹಸಿಯಲ್ಲಿ ನೋಡಿ ತಲೆಯಾಡಿಸಬೇಡಿ; ಒಣಗುತ್ತಾ ಬಣ್ಣ ಬದಲಾಗುತ್ತದೆ. ತಗಡಿನ ಚೂರಿಗೆ ಬಳಿದು, ಒಣಗಿಸಿ, ಕಾರಿಗೆ ಒತ್ತಿ ಹಿಡಿದು ಎದುರಿನಿಂದಲೂ ಓರೆಯಾಗಿಯೂ ನೋಡಿ. ಹಗಲಿನಲ್ಲಿ, ನೆರಳಿನಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಿಳಿ ಬೀದಿಗೆ ಬಂದರೆ ಬೇರೆಯಾಗುತ್ತವೆ.

ತುಕ್ಕಿದ್ದರೆ 120ರ ಉಪ್ಪುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಲೋಹ ಹೊಳೆಯುವವರೆಗೆ ಉಜ್ಜಿ, ಅದೇ ದಿನ ಪ್ರೈಮರ್ ಹಾಕಿ. ತಗ್ಗು ತುಂಬುವ ಪುಟ್ಟಿ ತೆಳುವಾಗಿರಲಿ, ದಪ್ಪಗಾದರೆ ಬಿರಿಯುತ್ತದೆ. ಅದು ಒಣಗಿದ ಮೇಲೆ 400, ಆಮೇಲೆ 800ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ನಯಮಾಡಿ. ಕೊನೆಗೆ ಕಣ್ಣು ಮುಚ್ಚಿ, ತೆಳು ಬಟ್ಟೆಯ ಮೇಲಿಂದ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಏಣು ಕೈಗೆ ಸಿಗುತ್ತದೆ.

ಸಣ್ಣ ಚುಕ್ಕೆಗೆ ಕುಂಚ ಸಾಕು. ಅಂಗೈಗಿಂತ ದೊಡ್ಡದಾದರೆ ಸ್ಪ್ರೇ ಗನ್ ಬೇಕು. ಅಂಗಳಕ್ಕೆ ನೀರು ಚಿಮುಕಿಸಿ, ತುಮಕೂರಿನ ಬಿ.ಎಚ್. ರಸ್ತೆಯ ಧೂಳು ಎಲ್ಲಿಯೂ ಬಿಡುವುದಿಲ್ಲ. ಜಡಿಮಳೆಯ ದಿನ ಡುಕೋ ಬೇಡ, ತೇವ ಹಿಡಿದು ಮೇಲ್ಮೈ ಬೂದಿಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪಿನ ಅಂಚನ್ನು ಹಿಂದಕ್ಕೆ ಮಡಚಿದರೆ ಗೆರೆ ಬೀಳುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ನಾಲ್ಕು ತೆಳು ಕೋಟು. ಮೂಗಿಗೆ ಮಾಸ್ಕ್ ಇರಲಿ, ಹತ್ತಿರ ಬೀಡಿ ಹಚ್ಚುವವರನ್ನು ದೂರ ಕಳಿಸಿ.

ವಾರ ಬಿಟ್ಟು 1500, 2000ರ ಪೇಪರನ್ನು ಸೋಪು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಕಾಂಪೌಂಡ್ ಹಾಕಿ. ಮಿಕ್ಕ ಬಣ್ಣವನ್ನು ಗಾಜಿನ ಬಾಟಲಿಗೆ ತುಂಬಿ, ಹನಿಗಳ ಲೆಕ್ಕ ಬರೆದ ಚೀಟಿಯನ್ನು ಅದಕ್ಕೇ ಅಂಟಿಸಿಡಿ.